ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಬುರುಡೆ

1792ರ ಫೆಬ್ರವರಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣವನ್ನು ಸುತ್ತುಗಟ್ಟಿತು. ಮಾರ್ಚ್‌ನಲ್ಲಿ ಒಪ್ಪಂದವಾಯಿತು. ಟಿಪ್ಪು ಸುಲ್ತಾನ್ ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳಿಸಿದ. ಇಷ್ಟು ನಮಗೆಲ್ಲ ಶಾಲೆಯಲ್ಲೇ ಗೊತ್ತು. ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ಹೊರಬಂದ ಪುಸ್ತಕವೊಂದರಲ್ಲಿ ಒಬ್ಬ ಜರ್ಮನ್ ಬ್ಯಾರನ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕುತ್ತಾನೆ, ಟಿಪ್ಪುವನ್ನು ದ್ವಂದ್ವಯುದ್ಧಕ್ಕೆ ಕರೆಯುತ್ತಾನೆ, ಮುಖಕ್ಕೆ ಗಾಯ ಮಾಡಿಸಿಕೊಂಡು ಕೊನೆಗೆ ಗೆದ್ದೇ ಬಿಡುತ್ತಾನೆ!

ಹೌದು, ಅವನೇ. ಬ್ಯಾರನ್ ಮುಂಚೌಸನ್. ಕೂದಲು ಹಿಡಿದು ತನ್ನನ್ನು ತಾನೇ ಕೆಸರಿನಿಂದ ಎತ್ತಿಕೊಂಡವನು, ಫಿರಂಗಿ ಗುಂಡಿನ ಮೇಲೆ ಕುಳಿತು ಹಾರಿದವನು, ಜಗತ್ತಿನ ಬುರುಡೆರಾಯರಿಗೆಲ್ಲ ಚಕ್ರವರ್ತಿ. ಅವನು ಕಾವೇರಿ ತೀರಕ್ಕೂ ಬಂದು ಹೋಗಿದ್ದಾನೆ!

ಆ ಅಧ್ಯಾಯವನ್ನು ಓದುತ್ತಿದ್ದರೆ ಉಸಿರು ಕಟ್ಟುತ್ತದೆ. ಬ್ಯಾರನ್ ಮೊದಲು ಪೀಟರ್ಸ್‌ಬರ್ಗಿಗೆ ಹೋಗಿ ರಷ್ಯದ ಮಹಾರಾಣಿಯ ಜೊತೆ ಮಾತಾಡುತ್ತಾನೆ. ರಷ್ಯನ್ನರಿಗೂ ತುರ್ಕರಿಗೂ ರಾಜಿ ಮಾಡಿಸುತ್ತಾನೆ. ಎರಡೂ ಸೇನೆಗಳನ್ನು ಸಲಿಕೆ ಗುದ್ದಲಿಗೆ ಹಚ್ಚಿ ಸೂಯೆಜ್‌ನಲ್ಲಿ ಕಾಲುವೆ ತೋಡಿಸುತ್ತಾನೆ. ನಿಜವಾದ ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ; ಬುರುಡೆ 77 ವರ್ಷ ಮೊದಲೇ ಅಗೆದು ಮುಗಿಸಿತ್ತು! ಅಲ್ಲಿಂದ ಅಲೆಕ್ಸಾಂಡ್ರಿಯದ ಕಳೆದುಹೋದ ಗ್ರಂಥಭಂಡಾರವನ್ನು ಪತ್ತೆ ಮಾಡಿ, ಪುರಾಣಪುರುಷ ಹರ್ಮಿಸ್ ಟ್ರಿಸ್ಮೆಜಿಸ್ಟಸ್‌ನನ್ನು ಕಂಡು, ಶ್ರೀರಂಗಪಟ್ಟಣಕ್ಕೆ ಬಂದು ಟಿಪ್ಪುವನ್ನು ಸೋಲಿಸಿ, ಊರಿಗೆ ಮರಳಿ, 1782ರಲ್ಲಿ ಮುಳುಗಿದ್ದ ‘ರಾಯಲ್ ಜಾರ್ಜ್’ ಯುದ್ಧನೌಕೆಯನ್ನು ಸಮುದ್ರದ ತಳದಿಂದ ಮೇಲೆತ್ತುತ್ತಾನೆ. ಎಲ್ಲವೂ ಒಂದೇ ಅಧ್ಯಾಯದಲ್ಲಿ. ಇತಿಹಾಸದ ಟಿಪ್ಪು ಇನ್ನೂ ಏಳು ವರ್ಷ ರಾಜ್ಯವಾಳಿ, 1799ರ ಮೇ 4ರಂದು ತನ್ನ ಕೋಟೆಯಲ್ಲೇ ಕಾದಾಡಿ ಮಡಿದ. ಲಂಡನ್ನಿನ ಓದುಗರಿಗೆ ಅಷ್ಟು ಕಾಯುವ ತಾಳ್ಮೆ ಎಲ್ಲಿತ್ತು?

ಈ ಅಧ್ಯಾಯ ಬರೆದವರು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಇನ್ನೂರ ಮೂವತ್ತು ವರ್ಷ ದಾಟಿದರೂ ಆ ಕೈಗೆ ಹೆಸರು ಸಿಕ್ಕಿಲ್ಲ. ಹಾಗಾದರೆ ಅದಕ್ಕಿಂತ ಹಿಂದಿನ ಅಧ್ಯಾಯಗಳನ್ನು ಬರೆದವರು? ಅದಕ್ಕೂ ಹಿಂದಿನವನ್ನು? ಇಲ್ಲಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯುತ್ತಾ ಹೋದರೆ ಸಿಗುವ ನಿಜ, ಬ್ಯಾರನ್ನನ ಯಾವ ಸುಳ್ಳಿಗೂ ಕಡಿಮೆಯಿಲ್ಲ.

ಒಂದು ಷಿಲಿಂಗಿನ ಪುಸ್ತಕ

ಶ್ರೀರಂಗಪಟ್ಟಣದ ಕತೆ ಇರುವುದು 1792ರಲ್ಲಿ ಬಂದ ಉತ್ತರಭಾಗದಲ್ಲಿ. ಅಬಿಸೀನಿಯಕ್ಕೆ ಹೋಗಿ ಬಂದು ದಪ್ಪ ದಪ್ಪ ಸಂಪುಟಗಳಲ್ಲಿ ಪ್ರವಾಸಕಥನ ಪ್ರಕಟಿಸಿದ್ದ ಜೇಮ್ಸ್ ಬ್ರೂಸ್ ಎಂಬ ಪ್ರವಾಸಿಗೆ ಅದು ಅರ್ಪಣೆ. ಅರ್ಪಣೆಯೆಂದರೆ ಭಕ್ತಿಯಿಂದಲ್ಲ, ಕುಚೋದ್ಯಕ್ಕೆ. ಬ್ರೂಸ್ ಹೇಳಿದ್ದನ್ನು ಲಂಡನ್ನಿನ ಜನ ನಂಬಿರಲಿಲ್ಲ. ಬುರುಡೆಯವನ ಪಕ್ಕದಲ್ಲಿ ಅವನಿಗೊಂದು ಪೀಠ ಹಾಕಿಕೊಟ್ಟರು. ಆ ದಿನಗಳ ಪತ್ರಿಕೆಗಳಲ್ಲಿ ಏನು ಸುದ್ದಿಯಾಗಿತ್ತೋ ಅದೆಲ್ಲ ಇಲ್ಲಿ ಬ್ಯಾರನ್ನನ ಸಾಹಸವಾಗಿದೆ. ಫ್ರಾನ್ಸಿನ ಕ್ರಾಂತಿ ಸುದ್ದಿಯಲ್ಲಿತ್ತೇ? ಬ್ಯಾರನ್ ಪ್ಯಾರಿಸ್ಸಿನ ರಾಷ್ಟ್ರೀಯ ಸಭೆಗೆ ನುಗ್ಗಿ ಭಾಷಣ ಮಾಡಿ ಸದಸ್ಯರನ್ನೆಲ್ಲ ಓಡಿಸಿದ. ಟಿಪ್ಪು ಸುದ್ದಿಯಲ್ಲಿದ್ದನೇ? ಬ್ಯಾರನ್ ಮೈಸೂರು ಸೀಮೆಗೆ ಹೊರಟ.

ಉತ್ತರಭಾಗದಿಂದ ಒಂದು ಮೆಟ್ಟಿಲು ಇಳಿದರೆ 1786. ಆ ಒಂದೇ ವರ್ಷದಲ್ಲಿ ಆವೃತ್ತಿಯ ಮೇಲೆ ಆವೃತ್ತಿ. ಪ್ರತಿ ಸಲವೂ ಪುಸ್ತಕ ಇನ್ನಷ್ಟು ದಪ್ಪ. ಸಮುದ್ರ ಸಾಹಸಗಳು ಬಂದು ಸೇರಿದವು, ಚಿತ್ರಗಳು ಸೇರಿದವು. ನಮ್ಮ ನೆರೆಯ ಸಿಲೋನಿನಲ್ಲಿ ಮುಂದೆ ಸಿಂಹ, ಹಿಂದೆ ಮೊಸಳೆ, ನಡುವೆ ಬ್ಯಾರನ್ ನಿಲ್ಲುವ ಕತೆ ಬಂದು ಪುಸ್ತಕದ ಮೊದಲನೆಯ ಅಧ್ಯಾಯದ ಜಾಗದಲ್ಲೇ ಕುಳಿತುಬಿಟ್ಟಿತು. ಮುಂದೆ ಯಾರೋ ಒಂದು ಪ್ರಮಾಣಪತ್ರವನ್ನೂ ಅಂಟಿಸಿದರು. ಇಲ್ಲಿ ಹೇಳಿರುವುದೆಲ್ಲ ಸತ್ಯ ಎಂದು ಅದಕ್ಕೆ ಸಹಿ ಹಾಕಿದ ಸಾಕ್ಷಿಗಳು ಯಾರು ಗೊತ್ತೇ? ಗಲಿವರ್, ಸಿಂದಬಾದ್, ಅಲ್ಲಾದೀನ್! ಲಂಡನ್ನಿನ ಮೇಯರ್ ಊರಲ್ಲಿಲ್ಲದ ಕಾರಣ ಅವನ ಮನೆಯ ಬಾಗಿಲು ಕಾಯುವವನೇ ಪ್ರಮಾಣ ಮಾಡಿಸಿದನಂತೆ.

ಇನ್ನೊಂದು ಮೆಟ್ಟಿಲು. 1785ರ ಕೊನೆ. ಮುಖಪುಟದಲ್ಲಿ 1786 ಎಂದು ಮುದ್ರಿಸಿಕೊಂಡ, ಐವತ್ತು ಪುಟವೂ ಇಲ್ಲದ, ಅಂಗೈಯಗಲದ ಪುಸ್ತಕ. ಬೆಲೆ ಒಂದು ಷಿಲಿಂಗ್. ಬ್ಯಾರನ್ ಮುಂಚೌಸನ್ ರಷ್ಯದಲ್ಲಿ ಮಾಡಿದ ಅದ್ಭುತ ಪ್ರವಾಸ ಮತ್ತು ದಂಡಯಾತ್ರೆಗಳ ಕಥನ ಎಂಬ ಶೀರ್ಷಿಕೆ. ಬರೆದವರ ಹೆಸರಿಲ್ಲ. ಹೆಸರಿಲ್ಲದಿರುವುದು ಹಾಗಿರಲಿ, ಆ ಮುಖಪುಟದಲ್ಲಿರುವ ಇನ್ನೊಂದು ಮಾತು ನೋಡಿ: ಹಳ್ಳಿಗಾಡಿನ ದೊಡ್ಡ ಮನುಷ್ಯರೇ, ಬೇಟೆ ಮುಗಿಸಿ ಬಂದು ಬೆಂಕಿಯ ಸುತ್ತ ಶೀಸೆ ಹಿಡಿದು ಕುಳಿತಾಗ ಈ ಕತೆಗಳನ್ನು ನಿಮ್ಮವೇ ಎಂದು ಹೇಳಿಕೊಳ್ಳಿ ಎಂಬ ಅರ್ಥದ ಆಹ್ವಾನ! ಹುಟ್ಟಿದ ದಿನವೇ ತನ್ನನ್ನು ಕದಿಯಲು ಕರೆಕೊಟ್ಟ ಪುಸ್ತಕ ಇದು. ಇಂಥದ್ದಕ್ಕೆ ಮಾಲೀಕ ಯಾರೆಂಬ ವ್ಯಾಜ್ಯ ಎರಡು ಶತಮಾನ ನಡೆಯದೆ ಇರುತ್ತದೆಯೇ?

ಗಣಿಯ ಮಳಿಗೆಯಲ್ಲಿ ಕುಳಿತ ಪಂಡಿತ

ಬಹಳ ಕಾಲ ಜನ ಬೇರೆ ಬೇರೆಯವರ ಕಡೆ ಬೊಟ್ಟು ಮಾಡಿದರು. ಗ್ಯೋಟಿಂಗನ್ ವಿಶ್ವವಿದ್ಯಾಲಯದ ಗಣಿತಜ್ಞ ಕೆಸ್ಟ್ನರ್ ಇರಬಹುದು, ಭೌತವಿಜ್ಞಾನಿ ಲಿಖ್ಟನ್‌ಬರ್ಗ್ ಇರಬಹುದು, ಕವಿ ಬ್ಯೂರ್ಗರ್ ಅಂತೂ ಇದ್ದೇ ಇರಬೇಕು ಎಂಬ ಅಂತೆ ಕಂತೆಗಳು ಜರ್ಮನಿಯಲ್ಲಿ ಓಡಾಡುತ್ತಿದ್ದವು. ಪುಸ್ತಕ ಬಂದು ಸುಮಾರು ನಲವತ್ತು ವರ್ಷಗಳ ಮೇಲೆ, 1824ರಲ್ಲಿ, ಬ್ಯೂರ್ಗರನ ಬಳಗದ ಕಾರ್ಲ್ ಫಾನ್ ರೈನ್‌ಹಾರ್ಟ್ ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಬೇರೆಯೇ ಹೆಸರು ಹೊರಹಾಕಿದ. ರುಡಾಲ್ಫ್ ಎರಿಕ್ ರಾಸ್ಪೆ.

ಯಾರೀತ? ಕೇಳಿ. ಈ ಮನುಷ್ಯನ ಬದುಕಿನ ಮುಂದೆ ಬ್ಯಾರನ್ನನ ಸಾಹಸಗಳೇ ಸಪ್ಪೆ.

1736ರಲ್ಲಿ ಹ್ಯಾನೋವರಿನಲ್ಲಿ ಹುಟ್ಟಿದವನು. ಗ್ಯೋಟಿಂಗನ್, ಲೈಪ್ಜಿಗ್‌ಗಳಲ್ಲಿ ಓದು. ಹ್ಯಾನೋವರಿನ ಗ್ರಂಥಾಲಯದಲ್ಲಿ ಕೆಲಸ. ಅಲ್ಲಿ ಮಹಾ ತತ್ವಜ್ಞಾನಿ ಲೈಬ್ನಿಟ್ಸ್‌ನ ಹಸ್ತಪ್ರತಿಗಳು ಅಚ್ಚು ಕಾಣದೆ ಬಿದ್ದಿದ್ದವು. 1765ರಲ್ಲಿ ಅವನ್ನು ಸಂಪಾದಿಸಿ ಹೊರತಂದವನು ರಾಸ್ಪೆ. ಜಾನ್ ಲಾಕ್‌ಗೆ ಲೈಬ್ನಿಟ್ಸ್ ಬರೆದಿಟ್ಟಿದ್ದ ದೊಡ್ಡ ಉತ್ತರ, ಲಾಕ್ ತೀರಿಕೊಂಡನೆಂದು ಬದಿಗಿಟ್ಟಿದ್ದ ಗ್ರಂಥ, ಬರೆದು ಅರವತ್ತು ವರ್ಷಗಳ ನಂತರ ಲೋಕಕ್ಕೆ ಸಿಕ್ಕಿದ್ದು ಈತನಿಂದ! ಯುರೋಪಿನ ತತ್ವಶಾಸ್ತ್ರದ ಚರಿತ್ರೆಯಲ್ಲಿ ಈ ಪ್ರಕಟಣೆಗೆ ಗಟ್ಟಿ ಜಾಗವಿದೆ. ಭೂಮಿ ಹೇಗೆ ರೂಪುಗೊಂಡಿತು ಎಂಬ ಬಗ್ಗೆ ಲ್ಯಾಟಿನ್ನಿನಲ್ಲಿ ಗ್ರಂಥ ಬರೆದ. ಜರ್ಮನಿಗೆ ಬಂದ ಬೆಂಜಮಿನ್ ಫ್ರಾಂಕ್ಲಿನ್ ಇವನನ್ನು ಕಂಡು ಮಾತಾಡಿದ, ಇಬ್ಬರ ನಡುವೆ ಪತ್ರ ವ್ಯವಹಾರ ನಡೆಯಿತು. ಉತ್ತರದ ಚಳಿನಾಡುಗಳಲ್ಲಿ ಸಿಗುವ ಆನೆಯಂಥ ಪ್ರಾಣಿಗಳ ಎಲುಬು, ದಂತಗಳ ಬಗ್ಗೆ ಬರೆದ ಪ್ರಬಂಧದ ಹೊತ್ತಿಗೆ, 1769ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿ ಇವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು.

ಅಷ್ಟರಲ್ಲಿ ಅವನಿಗೆ ಕಾಸೆಲ್ ನಗರದಲ್ಲಿ ಪ್ರಾಧ್ಯಾಪಕನ ಹುದ್ದೆ ಸಿಕ್ಕಿತ್ತು. ಜೊತೆಗೆ ಹೆಸ್ಸೆ-ಕಾಸೆಲ್ಲಿನ ದೊರೆಯ ಹಳೆಯ ನಾಣ್ಯ, ರತ್ನಗಳ ಭಂಡಾರದ ಉಸ್ತುವಾರಿ. ಬೇಲಿಯೇ ಎದ್ದು ಹೊಲ ಮೇಯಿತು. ಸಾಲದ ಹೊರೆ ಏರಿದಂತೆ ಭಂಡಾರದ ನಾಣ್ಯಗಳು ಮಾಯವಾಗತೊಡಗಿದವು. 1775ರಲ್ಲಿ ಲೆಕ್ಕಪರಿಶೋಧನೆ ಬಂತು, ರಾಸ್ಪೆ ಓಡಿದ. ಕೆಂಪು ಕೂದಲಿನವನು ಎಂದು ಗುರುತು ಹೇಳಿ ಹುಡುಕಾಟದ ಪ್ರಕಟಣೆ ಹೊರಟಿತು. ಹಾರ್ಟ್ಸ್ ಬೆಟ್ಟಸೀಮೆಯಲ್ಲಿ ಹಿಡಿದರು, ಅಲ್ಲಿಂದಲೂ ನುಣುಚಿಕೊಂಡ, ಇಂಗ್ಲೆಂಡಿಗೆ ದಾಟಿದ. ರಾಯಲ್ ಸೊಸೈಟಿ ಅವನ ಹೆಸರು ಹೊಡೆದುಹಾಕಿತು.

ಮುಂದೇನು? ಗಣಿ! ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್. ಉಗಿಯಂತ್ರ ಖ್ಯಾತಿಯ ಮ್ಯಾಥ್ಯೂ ಬೋಲ್ಟನ್ ಈ ದೇಶಭ್ರಷ್ಟ ಪಂಡಿತನಿಗೆ ಕೆಲಸ ಕೊಟ್ಟ. ಡಾಲ್ಕೋತ್ ಎಂಬ ತಾಮ್ರದ ಗಣಿಯಲ್ಲಿ ಅದಿರು ಪರೀಕ್ಷಿಸುವುದು, ಮಳಿಗೆಯ ಲೆಕ್ಕ ನೋಡುವುದು. ಸುತ್ತ ಉಗಿಯ ಪಂಪುಗಳ ಸದ್ದು, ಎದುರಿಗೆ ಅದಿರಿನ ರಾಶಿ. ಅಲ್ಲಿದ್ದ ವರ್ಷಗಳಲ್ಲಿ ರಾಸ್ಪೆ ತನ್ನದಲ್ಲದ ಭಾಷೆಯಲ್ಲಿ, ತನ್ನದಲ್ಲದ ಹೆಸರಿನಲ್ಲಿ, ಸುಳ್ಳಿನ ಕಿರುಪುಸ್ತಕವೊಂದನ್ನು ಬರೆದ. ಅದನ್ನು ಬರೆದವನು ತಾನೆಂದು ಬಹಿರಂಗವಾಗಿ ಎಲ್ಲೂ ಹೇಳಿಕೊಳ್ಳಲಿಲ್ಲ. ಹೇಗೆ ಹೇಳಿಯಾನು? ವಿದ್ವಾಂಸನೆಂಬ ಹೆಸರನ್ನು ಮರಳಿ ಗಳಿಸಬೇಕೆಂಬ ಆಸೆ ಅವನಿಗೆ ಕೊನೆಯವರೆಗೂ ಇತ್ತು. ಕಳ್ಳ ಎನಿಸಿಕೊಂಡದ್ದು ಸಾಲದೆಂದು ಸುಳ್ಳುಗಾರನ ಬಿರುದನ್ನೂ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆಯೇ?

ಹೆಸರಿನ ಮಾಲೀಕ

ಆದರೆ ಬ್ಯಾರನ್ ಮುಂಚೌಸನ್ ರಾಸ್ಪೆಯ ಕಲ್ಪನೆಯಲ್ಲ. ಪುಸ್ತಕ ಅಚ್ಚಾದ ದಿನ ಆತ ಜೀವಂತವಾಗಿದ್ದ! ವೇಸರ್ ನದಿಯ ದಂಡೆಯ ಬೋಡನ್‌ವೆರ್ಡರ್ ಎಂಬ ಪುಟ್ಟ ಊರಿನಲ್ಲಿ, ತನ್ನ ಮನೆಯಲ್ಲಿ, ಅರವತ್ತೈದು ವರ್ಷದ ಮರ್ಯಾದಸ್ಥ ಜಮೀನುದಾರನಾಗಿ.

ಹೀರೋನಿಮಸ್ ಕಾರ್ಲ್ ಫ್ರೀಡ್ರಿಕ್ ಫಾನ್ ಮುಂಚೌಸನ್. 1720ರ ಮೇ 11ರಂದು ಅದೇ ಊರಿನಲ್ಲಿ ಹುಟ್ಟಿದವನು. ಹದಿಹರೆಯದಲ್ಲಿ ಬ್ರೌನ್‌ಶ್ವೈಗಿನ ರಾಜಕುಮಾರ ಆಂಟನ್ ಉಲ್ರಿಖ್‌ನ ಸೇವಕನಾಗಿ ರಷ್ಯಕ್ಕೆ ಹೋದ. ಆಗ ರಷ್ಯ ತುರ್ಕರ ಮೇಲೆ ಯುದ್ಧ ಹೂಡಿತ್ತು. ಮುಂದೆ ರಿಗಾ ನಗರದ ಅಶ್ವದಳದಲ್ಲಿ ಅಧಿಕಾರಿಯಾದ. ಆಂಟನ್ ಉಲ್ರಿಖ್‌ನ ಎಳೆಗೂಸು 1740ರಲ್ಲಿ ರಷ್ಯದ ಚಕ್ರವರ್ತಿಯಾಯಿತು, ಮರುವರ್ಷವೇ ಪಟ್ಟ ಕಳೆದುಕೊಂಡಿತು. ಧಣಿ ಬಿದ್ದ ಮೇಲೆ ಆಳಿಗೆ ಬಡ್ತಿ ಎಲ್ಲಿಂದ? ಕ್ಯಾಪ್ಟನ್ ಪದವಿಗೆ 1750ರವರೆಗೆ ಕಾದ, ಊರಿಗೆ ಮರಳಿದ, ಮತ್ತೆ ಹೊರಡಲಿಲ್ಲ.

ನಡುವೆ 1744ರಲ್ಲಿ ಒಂದು ಘಟನೆ. ಜರ್ಮನಿಯ ಹದಿನಾಲ್ಕರ ಹುಡುಗಿಯೊಬ್ಬಳು ತಾಯಿಯ ಜೊತೆ ರಷ್ಯದ ಯುವರಾಜನನ್ನು ಮದುವೆಯಾಗಲು ರಿಗಾ ದಾರಿಯಲ್ಲಿ ಹೊರಟಿದ್ದಳು. ಅವಳಿಗೆ ಗೌರವರಕ್ಷೆ ಸಲ್ಲಿಸಿದ ತುಕಡಿಯ ಮುಂದೆ ನಿಂತವನು ಲೆಫ್ಟಿನೆಂಟ್ ಮುಂಚೌಸನ್. ಆ ಹುಡುಗಿಯೇ ಮುಂದೆ ಕ್ಯಾಥರಿನ್ ಮಹಾರಾಣಿ! 1792ರ ಪುಸ್ತಕದಲ್ಲಿ ಬ್ಯಾರನ್ ರಷ್ಯದ ಮಹಾರಾಣಿಯ ಜೊತೆ ಹರಟುತ್ತಾನಲ್ಲ, ಆ ಬುರುಡೆಯ ಅಡಿಯಲ್ಲಿ ಇಷ್ಟು ನಿಜವಿದೆ. ಇನ್ನೊಂದು ಎಳೆಯೂ ಇದೆ. ಲಂಡನ್ನಿನ ಜೇಮ್ಸ್ ಟ್ಯಾಸಿ ಎಂಬ ಕುಶಲಕರ್ಮಿ ಪ್ರಾಚೀನ ಕೆತ್ತನೆ ರತ್ನಗಳ ಅಚ್ಚುಗಳನ್ನು ಇದೇ ಕ್ಯಾಥರಿನ್‌ಗಾಗಿ ಸಾವಿರಗಟ್ಟಲೆ ತಯಾರಿಸಿದ. ಆ ಸಂಗ್ರಹದ ಪಟ್ಟಿಯನ್ನು ತಯಾರಿಸಿದವನು ರಾಸ್ಪೆ! 1791ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಆ ಪಟ್ಟಿಯಲ್ಲಿ 15 ಸಾವಿರಕ್ಕೂ ಹೆಚ್ಚು ವಸ್ತುಗಳ ವಿವರವಿದೆ. ಹೆಸರು ಕೊಟ್ಟವನೂ ಕತೆ ಬರೆದವನೂ ನಲವತ್ತು ಚಿಲ್ಲರೆ ವರ್ಷಗಳ ಅಂತರದಲ್ಲಿ ಒಬ್ಬಳೇ ರಾಣಿಯ ಸೇವೆ ಮಾಡಿದ್ದರು.

ಊರಿಗೆ ಮರಳಿದ ಮುಂಚೌಸನ್ ಬೇಟೆಯಾಡಿದ, ಕುದುರೆ ಸಾಕಿದ, 1763ರಲ್ಲಿ ತೋಟದಲ್ಲೊಂದು ಮಂಟಪ ಕಟ್ಟಿಸಿದ. ಊಟ ಮುಗಿದ ಮೇಲೆ ಅತಿಥಿಗಳ ಮುಂದೆ ಕತೆ ಶುರು. ಮುಖದಲ್ಲಿ ನಗುವಿಲ್ಲ, ದನಿಯಲ್ಲಿ ಏರಿಳಿತವಿಲ್ಲ, ಸೈನ್ಯದ ವರದಿ ಒಪ್ಪಿಸಿದಂತೆ. ಹಿಮದಲ್ಲಿ ಹೂತ ಗೂಟಕ್ಕೆ ಕುದುರೆ ಕಟ್ಟಿ ಮಲಗಿದೆ, ಬೆಳಿಗ್ಗೆ ಹಿಮ ಕರಗಿತ್ತು, ನೋಡಿದರೆ ಕುದುರೆ ಚರ್ಚಿನ ಗೋಪುರದ ತುದಿಯಲ್ಲಿ ನೇತಾಡುತ್ತಿದೆ! ತೋಳ ನನ್ನ ಗಾಡಿಯ ಕುದುರೆಯನ್ನು ಹಿಂದಿನಿಂದ ತಿನ್ನುತ್ತಾ ತಿನ್ನುತ್ತಾ ಲಗಾಮಿನೊಳಗೇ ಸೇರಿಕೊಂಡಿತು, ಅದನ್ನೇ ಓಡಿಸಿಕೊಂಡು ಪೀಟರ್ಸ್‌ಬರ್ಗ್ ಮುಟ್ಟಿದೆ! ಇಂಥವು.

ಅವನು ಒಂದು ಸಾಲನ್ನೂ ಬರೆದು ಅಚ್ಚಿಗೆ ಕೊಟ್ಟವನಲ್ಲ. ಅವನದು ಬಾಯಿಮಾತಿನ ಕಲೆ, ಮನೆಗೆ ಬಂದವರಿಗಷ್ಟೇ ಮೀಸಲು. ಅಂಥವನ ಮೇಲೆ ಪುಸ್ತಕ ಬಂದು ಬಿತ್ತು. ‘ಸುಳ್ಳಿನ ಬ್ಯಾರನ್’ ಎಂಬ ಅಡ್ಡಹೆಸರು ಅಂಟಿತು. ಕಾಣದ ಊರುಗಳಿಂದ ಜನ ಅವನ ಮುಖ ನೋಡಲೆಂದೇ ಬೋಡನ್‌ವೆರ್ಡರಿಗೆ ಬರತೊಡಗಿದರು. ಆಳುಗಳು ಅವರನ್ನು ಅಟ್ಟಬೇಕಾಯಿತು. ಮುದುಕ ಕೆರಳಿದ. ಕತೆ ಹೇಳುವುದನ್ನು ಪ್ರಾಣದಂತೆ ಪ್ರೀತಿಸಿದವನಿಗೆ ಕತೆಯೇ ಶತ್ರುವಾಯಿತು. ಹೆಂಡತಿ ಯಾಕೊಬಿನೆ 1790ರಲ್ಲಿ ತೀರಿಕೊಂಡಳು. ಎಪ್ಪತ್ತು ದಾಟಿದ ಮೇಲೆ ಮಾಡಿಕೊಂಡ ಎರಡನೆಯ ಮದುವೆ ಕೋರ್ಟು ಮೆಟ್ಟಿಲೇರಿ ಅವನ ಗಂಟನ್ನೂ ನೆಮ್ಮದಿಯನ್ನೂ ಕರಗಿಸಿತು. 1797ರ ಫೆಬ್ರವರಿ 22ರಂದು, ಮಕ್ಕಳಿಲ್ಲದೆ, ಬೇಸತ್ತ ಜೀವ ಹೋಯಿತು.

ನಡುವೆ ನಿಂತ ಅನಾಮಧೇಯ

ಬೋಡನ್‌ವೆರ್ಡರಿನ ಊಟದ ಮೇಜಿನಿಂದ ಕಾರ್ನ್‌ವಾಲ್‌ನ ಗಣಿಗೆ ಕತೆಗಳು ಹೋದದ್ದು ಹೇಗೆ? ಇಲ್ಲೂ ಒಂದು ಮೆಟ್ಟಿಲಿದೆ. 1781ರಲ್ಲಿ ಬರ್ಲಿನ್ನಿನಿಂದ ಬರುತ್ತಿದ್ದ ಮೋಜುಗಾರರ ನಗೆಸಂಗ್ರಹವೊಂದರ ಸಂಚಿಕೆಯಲ್ಲಿ ಹಲವು ಚುಟುಕು ಕತೆಗಳು ಕಾಣಿಸಿಕೊಂಡವು. ಹೇಳಿದವನು ಹ್ಯಾನೋವರ್ ಬಳಿ ವಾಸಿಸುವ ‘ಎಂ-ಎಚ್-ಎಸ್-ಎನ್’. ಅಕ್ಷರಗಳನ್ನು ಕಿತ್ತು ನಡುವೆ ಗೀಟು ಎಳೆದಿದ್ದರೂ ಯಾರೆಂದು ಊಹಿಸಲು ಆ ಸೀಮೆಯ ಜನಕ್ಕೆ ಎಷ್ಟು ಹೊತ್ತು? 1783ರಲ್ಲಿ ಇನ್ನೆರಡು ಬಂದವು. ರಾಸ್ಪೆಯ ಕಿರುಪುಸ್ತಕದ ಬಹುಪಾಲು ಇವುಗಳನ್ನೇ ಎತ್ತಿಕೊಂಡು ಒಂದೇ ಪ್ರವಾಸದ ದಾರಕ್ಕೆ ಪೋಣಿಸಿದ್ದು. ಬರ್ಲಿನ್ನಿನ ಆ ಸಂಚಿಕೆಗೂ ಇಪ್ಪತ್ತು ವರ್ಷ ಹಿಂದೆ, 1761ರಲ್ಲೇ, ಕೌಂಟ್ ಲೈನಾರ್ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇದೇ ಜಾತಿಯ ಕೆಲವು ಕತೆಗಳು ಹೆಸರಿಲ್ಲದೆ ಇಣುಕಿವೆ.

ಬರ್ಲಿನ್ನಿನ ಸಂಗ್ರಹಕ್ಕೆ ಬರೆದುಕೊಟ್ಟವರು ಯಾರು? ಅಲ್ಲೂ ಹೆಸರಿಲ್ಲ! ಅದನ್ನೂ ರಾಸ್ಪೆಯೇ ಬರೆದಿರಬಹುದು ಎನ್ನುವವರಿದ್ದಾರೆ. ಅಲ್ಲ, ಬ್ಯಾರನ್ನನ ಮನೆಯಲ್ಲಿ ಉಂಡ ಯಾರೋ ನೆಂಟರದು ಎನ್ನುವವರಿದ್ದಾರೆ. ರಾಸ್ಪೆ ಬ್ಯಾರನ್ನನನ್ನು ಕಣ್ಣಾರೆ ಕಂಡಿದ್ದನೇ ಎಂಬುದೂ ವ್ಯಾಜ್ಯದಲ್ಲಿದೆ. ಇಷ್ಟಂತೂ ಖರೆ: ರಾಸ್ಪೆ ಹ್ಯಾನೋವರಿನಲ್ಲಿದ್ದಾಗ ಅಲ್ಲಿನ ಪ್ರಬಲ ಮಂತ್ರಿ, ಗ್ಯೋಟಿಂಗನ್ ವಿಶ್ವವಿದ್ಯಾಲಯವನ್ನು ಕಟ್ಟಿದ ಗೆರ್ಲಾಖ್ ಆಡೋಲ್ಫ್, ಅದೇ ಮುಂಚೌಸನ್ ಮನೆತನದವನು. ಕತೆಗಳು ಕಿವಿಗೆ ಬೀಳಲು ದೂರ ಹೋಗಬೇಕಿರಲಿಲ್ಲ.

ತವರಿಗೆ ಮರಳಿದ್ದು ಬೇರೆ ವೇಷದಲ್ಲಿ

ಇನ್ನು ಮೂರನೆಯವನ ಪ್ರವೇಶ. ಗಾಟ್‌ಫ್ರೀಡ್ ಆಗಸ್ಟ್ ಬ್ಯೂರ್ಗರ್. 1773ರ ‘ಲೆನೋರೆ’ ಎಂಬ ಲಾವಣಿಯಿಂದ ಯುರೋಪನ್ನೇ ನಡುಗಿಸಿದ ಕವಿ, ಗ್ಯೋಟಿಂಗನ್ನಿನ ಬಡ ಅಧ್ಯಾಪಕ. 1786ರಲ್ಲಿ ಅವನು ರಾಸ್ಪೆಯ ಇಂಗ್ಲಿಷ್ ಪುಸ್ತಕವನ್ನು ಜರ್ಮನ್ನಿಗೆ ತಂದ. ಅಚ್ಚಾದದ್ದು ಗ್ಯೋಟಿಂಗನ್ನಿನಲ್ಲಿ, ಮುಖಪುಟದಲ್ಲಿದ್ದದ್ದು ಲಂಡನ್! ಬ್ಯೂರ್ಗರನ ಹೆಸರೂ ಇಲ್ಲ. ಜರ್ಮನ್ ಬಾಯಲ್ಲಿ ಹುಟ್ಟಿ, ಜರ್ಮನ್ನನ ಕೈಯಲ್ಲಿ ಇಂಗ್ಲಿಷ್ ಆಗಿ, ಮತ್ತೆ ಜರ್ಮನ್ ಆದ ಕತೆಗಳು ಪರದೇಶದಿಂದ ಬಂದವು ಎಂಬ ಸೋಗು ಹಾಕಿಕೊಂಡು ತವರೂರಿಗೆ ಕಾಲಿಟ್ಟವು.

ಬ್ಯೂರ್ಗರ್ ಸುಮ್ಮನೆ ಅನುವಾದಿಸಿದನೇ? ಇಲ್ಲಿದೆ ನಿಜವಾದ ಬೆರಗು. ಫಿರಂಗಿ ಗುಂಡಿನ ಮೇಲೆ ಕುಳಿತು ಶತ್ರುಕೋಟೆಯತ್ತ ಹಾರಿ, ನಡುದಾರಿಯಲ್ಲಿ ಎದುರಿನ ಗುಂಡಿಗೆ ಜಿಗಿದು ವಾಪಸು ಬರುವ ಬ್ಯಾರನ್ ಇಂಗ್ಲಿಷ್ ಮೂಲದಲ್ಲಿ ಇರಲಿಲ್ಲ. ಜುಟ್ಟು ಹಿಡಿದು ತನ್ನನ್ನೂ ಕುದುರೆಯನ್ನೂ ಕೆಸರಿನಿಂದ ಎಳೆದುಕೊಳ್ಳುವ ಬ್ಯಾರನ್ ಇರಲಿಲ್ಲ. ದಾರಕ್ಕೆ ಕಟ್ಟಿದ ಕೊಬ್ಬಿನ ತುಂಡನ್ನು ಒಂದು ಬಾತು ನುಂಗಿ, ಅದು ಹಿಂದಿನಿಂದ ಜಾರಿಬಿದ್ದು, ಇನ್ನೊಂದು ನುಂಗಿ, ಹೀಗೆ ಬಾತುಗಳ ಸರವೇ ಪೋಣಿಸಿಕೊಂಡು ಬ್ಯಾರನ್ನನನ್ನು ಗಾಳಿಯಲ್ಲಿ ಎತ್ತಿಕೊಂಡು ಹೋಗುವ ಕತೆಯೂ ಇರಲಿಲ್ಲ. ಮೂರೂ ಬ್ಯೂರ್ಗರ್ ಸೇರಿಸಿದ್ದು! ಇಂದು ಮುಂಚೌಸನ್ ಎಂದೊಡನೆ ಜಗತ್ತಿನ ಕಣ್ಣಮುಂದೆ ನಿಲ್ಲುವ ಚಿತ್ರಗಳು ಅನುವಾದಕನವು. 1788ರಲ್ಲಿ ಅವನು ಇನ್ನಷ್ಟು ಹಿಗ್ಗಿಸಿ ಎರಡನೆಯ ಆವೃತ್ತಿ ತಂದ. ಅದಕ್ಕೇ ಜರ್ಮನ್ನರ ಮನೆಮನೆಯಲ್ಲಿರುವ ಮುಂಚೌಸನ್ ರಾಸ್ಪೆಯದಲ್ಲ, ಬ್ಯೂರ್ಗರನದು.

ಗಂಭೀರ ಕವಿಯೆಂಬ ಹೆಸರಿಗೆ ಕುಂದು ಬಾರದಿರಲೆಂದು ಅವನು ಗುಟ್ಟು ಕಾಪಾಡಿದ. 1794ರ ಜೂನ್ 8ರಂದು ಬಡತನದಲ್ಲೇ ತೀರಿಕೊಂಡ. ಅದೇ ವರ್ಷ ನವೆಂಬರಿನಲ್ಲಿ, ಐರ್ಲೆಂಡಿನ ಕಿಲಾರ್ನಿ ಸಮೀಪದ ಮಕ್‌ರಾಸ್‌ನಲ್ಲಿ, ತಾಮ್ರದ ಗಣಿ ನೋಡಲು ಹೋಗಿದ್ದ ರಾಸ್ಪೆ ಜ್ವರಕ್ಕೆ ಬಲಿಯಾದ. ಕಿಲ್ಲೆಗಿ ಸ್ಮಶಾನದಲ್ಲಿ ಅವನನ್ನು ಹೂತ ಜಾಗಕ್ಕೆ ಗುರುತುಕಲ್ಲಿರಲಿಲ್ಲ. ಒಂದು ಪುಸ್ತಕಕ್ಕೆ ಇಬ್ಬರು ಕರ್ತೃಗಳು, ಇಬ್ಬರೂ ಬಾಯಿ ಬಿಡದೆ, ಒಂದೇ ವರ್ಷದಲ್ಲಿ ಹೋದರು.

ವಾಲ್ಟರ್ ಸ್ಕಾಟ್ ಎಂಬ ಹೆಸರು ಕೇಳಿದ್ದೀರಿ. 1796ರಲ್ಲಿ ಅವನು ಪ್ರಕಟಿಸಿದ ಮೊಟ್ಟಮೊದಲ ಪುಸ್ತಕ ಬ್ಯೂರ್ಗರನ ಎರಡು ಲಾವಣಿಗಳ ಅನುವಾದ. ಮುಂದೆ 1816ರ ‘ದಿ ಆಂಟಿಕ್ವರಿ’ ಕಾದಂಬರಿಯಲ್ಲಿ ಡೌಸ್ಟರ್‌ಸ್ವಿವೆಲ್ ಎಂಬ ಜರ್ಮನ್ ಗಣಿ ಮೋಸಗಾರನೊಬ್ಬ ಬರುತ್ತಾನೆ. ಅವನಿಗೆ ಮಾದರಿ ಯಾರು? ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿ ಸರ್ ಜಾನ್ ಸಿಂಕ್ಲೇರನ ಭೂಮಿಯಲ್ಲಿ ಅದಿರು ತೋರಿಸುತ್ತೇನೆಂದು ಹೋಗಿ ಮರೆಯಾದನೆಂದು ಜನ ಹೇಳಿಕೊಳ್ಳುತ್ತಿದ್ದ ರಾಸ್ಪೆ! ಆ ಮೋಸದ ಕತೆ ಎಷ್ಟು ನಿಜ ಎಂಬುದಕ್ಕೂ ತಕರಾರಿದೆ. ಪಾಪ, ಬುರುಡೆ ಬರೆದವನ ಮೇಲೂ ಬುರುಡೆಗಳು ಹುಟ್ಟಿಕೊಂಡವು.

ಕೊನೆಯ ಮೆಟ್ಟಿಲು ಎಲ್ಲಿ?

ಹಾಗಾದರೆ ಊಟದ ಮೇಜಿನಲ್ಲಿ ಮೊದಲು ಹೇಳಿದ ಬ್ಯಾರನ್ನನೇ ಕರ್ತೃ ಎಂದುಬಿಡೋಣವೇ? ತಡೆಯಿರಿ, ಇನ್ನೂ ಮೆಟ್ಟಿಲುಗಳಿವೆ.

ಕೋಟೆಬಾಗಿಲು ಧಡಾರನೆ ಬಿದ್ದು ಕುದುರೆ ಎರಡು ಹೋಳಾಗುತ್ತದೆ; ಮುಂದಿನ ಅರ್ಧ ತೊಟ್ಟಿಯ ನೀರನ್ನು ಕುಡಿಯುತ್ತಲೇ ಇರುತ್ತದೆ, ನೀರು ಹಿಂದಿನಿಂದ ಸುರಿದುಹೋಗುತ್ತಲೇ ಇರುತ್ತದೆ. ಬೋಡನ್‌ವೆರ್ಡರಿನಲ್ಲಿ ಇಂದು ಈ ಅರೆಗುದುರೆಯ ಕಾರಂಜಿಯೇ ಊರಿನ ಗುರುತು. ಆದರೆ ಬಾಗಿಲಿಗೆ ಸಿಕ್ಕು ತುಂಡಾದ ಕುದುರೆ, ಹದಿನಾರನೆಯ ಶತಮಾನದ ಆರಂಭದಲ್ಲೇ ಹೈನ್ರಿಖ್ ಬೆಬೆಲ್ ಎಂಬ ಪಂಡಿತ ಲ್ಯಾಟಿನ್ನಿನಲ್ಲಿ ಕಲೆಹಾಕಿದ ನಗೆಕತೆಗಳಲ್ಲಿದೆ. ಅಲ್ಲಿ ಅದನ್ನು ಹೇಳುವವನು ಒಬ್ಬ ಕಮ್ಮಾರ!

ಚಳಿಗೆ ಕಹಳೆಯೊಳಗೇ ಹೆಪ್ಪುಗಟ್ಟಿದ ರಾಗಗಳು, ಒಲೆಯ ಪಕ್ಕ ತೂಗುಹಾಕಿದಾಗ ಕರಗಿ ತಾವೇ ನುಡಿಯುತ್ತವೆ. ಎಂಥ ಕಲ್ಪನೆ! ಆದರೆ 1552ರಲ್ಲಿ ಫ್ರೆಂಚ್ ಲೇಖಕ ರಾಬ್ಲೆ ಸಮುದ್ರದ ಮೇಲೆ ಹೆಪ್ಪುಗಟ್ಟಿದ ಮಾತುಗಳನ್ನು ಕರಗಿಸಿದ್ದಾನೆ. 1528ರಲ್ಲಿ ಇಟಲಿಯ 
ಲೇಖಕ ಕಾಸ್ಟಿಲ್ಯೋನೆ, ನದಿಯ ಆಚೆ ದಡದಿಂದ ಕೂಗಿದ ವ್ಯಾಪಾರಿಗಳ ಮಾತು ನಡುವೆಯೇ ಮಂಜಾದ ಕತೆ ಹೇಳಿದ್ದಾನೆ. ಅವರಿಬ್ಬರಿಗಿಂತ ಹದಿನಾಲ್ಕು ಶತಮಾನ ಹಿಂದೆ ಗ್ರೀಕ್ ಲೇಖಕ ಪ್ಲುಟಾರ್ಕ್, ಮಾತು ಹೆಪ್ಪುಗಟ್ಟುವ ಊರಿನ ತಮಾಷೆಯನ್ನು ಇನ್ನೂ ಹಳಬನಾದ ಆಂಟಿಫನೀಸ್ ಎಂಬುವನಿಗೆ ಸೇರಿಸಿ ಹೇಳಿದ್ದಾನೆ.

ಚಂದ್ರಲೋಕದ ಪ್ರವಾಸ, ಹಡಗನ್ನೇ ನುಂಗುವ ಮೀನು, ಹಾಲಿನ ಕಡಲಲ್ಲಿ ಗಿಣ್ಣಿನ ದ್ವೀಪ? ಎರಡನೆಯ ಶತಮಾನದ ಗ್ರೀಕ್ ಲೇಖಕ ಲೂಸಿಯನ್ ಇವೆಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಆ ಪುಸ್ತಕದ ಹೆಸರೇ ‘ನಿಜವಾದ ಕಥೆ’. ತಾನು ಹೇಳುವುದೆಲ್ಲ ಸುಳ್ಳು, ಅದೊಂದು ಮಾತು ಮಾತ್ರ ನಿಜ ಎಂದು ಅವನು ಮೊದಲೇ ಓದುಗರಿಗೆ ತಿಳಿಸಿಬಿಡುತ್ತಾನೆ. ಅವನೂ ತನಗಿಂತ ಹಿಂದಿನ ಪ್ರವಾಸಿಗಳ ಬಡಾಯಿಯನ್ನು ಅಣಕಿಸಲು ಹೊರಟವನೇ. ಮೆಟ್ಟಿಲು ಇನ್ನೂ ಕೆಳಗಿಳಿಯುತ್ತದೆ, ನಮ್ಮ ಕಾಲು ಸೋಲುತ್ತದೆ.

ವ್ಯಾಜ್ಯ ತೀರದೇಕೆ?

ವಿದ್ವಾಂಸರು ಪಾಲು ಹಂಚಲು ಹೊರಟಿದ್ದುಂಟು. 1895ರಲ್ಲಿ ಥಾಮಸ್ ಸೆಕಂಬ್ ಇಂಗ್ಲಿಷ್ ಪುಸ್ತಕದ ಮೂವತ್ತಕ್ಕೂ ಹೆಚ್ಚು ಅಧ್ಯಾಯಗಳನ್ನು ತೂಗಿ ನೋಡಿ, ಎರಡರಿಂದ ಆರನೆಯ ಅಧ್ಯಾಯದವರೆಗೆ ಮಾತ್ರ ರಾಸ್ಪೆಯದು, ಉಳಿದದ್ದು ಪುಸ್ತಕ ವ್ಯಾಪಾರಿಗಳ ಕೂಲಿ ಬರಹಗಾರರದು ಎಂದು ತೀರ್ಪಿತ್ತ. ಸಮುದ್ರ ಸಾಹಸಗಳಲ್ಲೂ ರಾಸ್ಪೆಯ ಕೈಯಿದೆ ಎನ್ನುವವರು ಈಗಲೂ ಇದ್ದಾರೆ. ಜಾನ್ ಕಾರ್ಸ್‌ವೆಲ್ 1950ರಲ್ಲಿ ರಾಸ್ಪೆಯ ಜೀವನಚರಿತ್ರೆ ಬರೆದು ಆ ಮರೆತ ಮನುಷ್ಯನನ್ನು ಬೆಳಕಿಗೆ ಎಳೆದುತಂದ. ಮೊದಲ ಪುಸ್ತಕ ರಾಸ್ಪೆಯದೆಂಬ ಬಗ್ಗೆ ಈಗ ಹೆಚ್ಚು ಅನುಮಾನವಿಲ್ಲ. ಆದರೂ ಇಡೀ ಸಂಗ್ರಹಕ್ಕೆ ಒಬ್ಬ ಒಡೆಯನನ್ನು ಯಾರಿಗೂ ನಿಲ್ಲಿಸಲಾಗಿಲ್ಲ.

ನಿಲ್ಲಿಸಲಾಗದು ಕೂಡ. ಕಾರಣ ಈ ಜಾತಿಯ ಕತೆಯ ಕಟ್ಟಿನಲ್ಲೇ ಇದೆ. ಅಜ್ಜಿಕತೆ ‘ಒಂದಾನೊಂದು ಊರಿನಲ್ಲಿ’ ಎಂದು ಶುರುವಾಗುತ್ತದೆ, ಹೇಳುವವಳು ಹೊರಗೆ ಕೂತಿರುತ್ತಾಳೆ. ಬುರುಡೆ ‘ನಾನೇ ಕಣ್ಣಾರೆ ಕಂಡೆ’ ಎಂದು ಶುರುವಾಗಬೇಕು, ಇಲ್ಲದಿದ್ದರೆ ಅದಕ್ಕೆ ಕಾಲೇ ಇಲ್ಲ. ಹಾಗಾಗಿ ಈ ಕತೆ ಕೈಬದಲಾದಾಗಲೆಲ್ಲ ‘ನಾನು’ ಎಂಬ ಪೀಠವೂ ಕೈಬದಲಾಗುತ್ತದೆ. ಕಮ್ಮಾರನಿಂದ ಬ್ಯಾರನ್ನನಿಗೆ, ಬ್ಯಾರನ್ನನಿಂದ ರಾಸ್ಪೆಗೆ, ರಾಸ್ಪೆಯಿಂದ ಬ್ಯೂರ್ಗರನಿಗೆ. ಬರೆದವನು ತನ್ನ ಹೆಸರು ಹಾಕಿಕೊಂಡರೆ ಕತೆ ಅಲ್ಲೇ ಸಾಯುತ್ತದೆ: ಸಾಹಿತಿಯೊಬ್ಬ ಕಟ್ಟಿದ್ದು ಎಂದು ಗೊತ್ತಾದ ಮೇಲೆ ಕುದುರೆ ಗೋಪುರದಿಂದ ನೇತಾಡಿದರೇನು, ಬಿಟ್ಟರೇನು? ಬೇರೊಬ್ಬ ಬದುಕಿರುವ ಮನುಷ್ಯ, ಊರು ಮನೆತನ ಇರುವವನು, ಆಣೆ ಇಟ್ಟು ಹೇಳಬೇಕು. ರಾಸ್ಪೆಗೆ ಅವಮಾನದ ಭಯ, ಬ್ಯೂರ್ಗರನಿಗೆ ಕೀರ್ತಿಯ ಭಯ, ಇವು ಮೇಲ್ನೋಟದ ಕಾರಣ. ಒಳಗೆ ಕತೆಯೇ ಅವರಿಬ್ಬರ ಬಾಯಿ ಕಟ್ಟಿತ್ತು. ಅದರ ದಂಡ ತೆತ್ತವನು ಬೋಡನ್‌ವೆರ್ಡರಿನ ಮುದುಕ. ಬರೆದವರೆಲ್ಲ ಹೆಸರಿಲ್ಲದೆ ಹೋದರು, ಒಂದಕ್ಷರ ಬರೆಯದವನ ಹೆಸರು ಜಗತ್ತಿನ ಮುಖಪುಟಗಳ ಮೇಲೆ ಉಳಿಯಿತು. 1951ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಷರ್ ಇಲ್ಲದ ಕಾಯಿಲೆ ಹೇಳಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ರೋಗಿಗಳ ಸ್ಥಿತಿಗೂ ಅವನದೇ ಹೆಸರಿಟ್ಟ!

ಇನ್ನೂ ಒಂದು ಗಳಿಗೆ. ಬ್ಯಾರನ್, ರಾಸ್ಪೆ, ಬ್ಯೂರ್ಗರ್ ಮೂವರೂ ಒಬ್ಬನೇ ದೊರೆಯ ಪ್ರಜೆಗಳಾಗಿ ಬಾಳಿದವರು ಎಂಬುದು ಹೊಳೆದಾಗ ನನಗೆ ಮೈ ಝುಮ್ಮೆಂದಿತು. ಹ್ಯಾನೋವರಿನ ಒಡೆಯನೇ ಆಗ ಬ್ರಿಟನ್ನಿನ ರಾಜ ಮೂರನೆಯ ಜಾರ್ಜ್. ಅದೇ ರಾಜನ ಹ್ಯಾನೋವರ್ ದಳಗಳು ಹಡಗು ಹತ್ತಿ ಮದರಾಸಿಗೆ ಬಂದು, 1783ರಲ್ಲಿ ಕಡಲೂರಿನಲ್ಲಿ ಫ್ರೆಂಚರ ಮತ್ತು ಅವರ ಜೊತೆಗಿದ್ದ ಮೈಸೂರು ಪಡೆಯ ಎದುರು ಕಾದಿದ್ದವು. ಹ್ಯಾನೋವರ್ ಸೀಮೆಯ ಸೈನಿಕರು ಟಿಪ್ಪುವಿನ ಕಡೆಯವರ ಮೇಲೆ ನಿಜಕ್ಕೂ ಹೋರಾಡಿದ್ದರು! ಒಂಬತ್ತು ವರ್ಷಗಳ ಮೇಲೆ ಬಂದ ಶ್ರೀರಂಗಪಟ್ಟಣದ ಬುರುಡೆ ತೀರಾ ಗಾಳಿಯಲ್ಲಿ ಹುಟ್ಟಿದ್ದಲ್ಲ.

‘ನಾನು’ ಎಂಬ ಪೀಠದ ಆಟ ಇಪ್ಪತ್ತನೆಯ ಶತಮಾನದಲ್ಲೂ ನಿಲ್ಲಲಿಲ್ಲ. 1943ರಲ್ಲಿ, ಯುದ್ಧದ ನಡುವೆ, ಜರ್ಮನಿಯ ಉಫಾ ಸ್ಟುಡಿಯೋ ತನ್ನ ಇಪ್ಪತ್ತೈದನೆಯ ವರ್ಷದ ಹಬ್ಬಕ್ಕೆ ಬಣ್ಣದ ‘ಮುಂಚೌಸನ್’ ಚಿತ್ರ ತಯಾರಿಸಿತು. ಚಿತ್ರಕತೆಗೆ ಬೇಕಾದ ಪ್ರತಿಭೆ ಇದ್ದದ್ದು ಲೇಖಕ ಎರಿಕ್ ಕೆಸ್ಟ್ನರನಲ್ಲಿ. ಆದರೆ 1933ರಲ್ಲೇ ನಾಜಿಗಳು ಅವನ ಪುಸ್ತಕಗಳನ್ನು ಬೆಂಕಿಗೆ ಹಾಕಿದ್ದರು, ಬರೆಯದಂತೆ ಅವನಿಗೆ ನಿಷೇಧವಿತ್ತು. ಅವನು ಬೇರೆ ಹೆಸರಿನಲ್ಲಿ ಬರೆದ. ಇಟ್ಟುಕೊಂಡ ಹೆಸರು? ಬೆರ್ಟೋಲ್ಟ್ ಬ್ಯೂರ್ಗರ್! ಹೆಸರು ಮುಚ್ಚಿಟ್ಟು ಮುಂಚೌಸನ್ ಬರೆದ ಹಳೆಯ ಕವಿಯ ಮನೆತನದ ಹೆಸರನ್ನೇ, ಹೆಸರು ಮುಚ್ಚಿಕೊಳ್ಳಲು ಎರವಲು ಪಡೆದ. ಕೊನೆಗೆ ಆ ಸುಳ್ಳು ಹೆಸರಿಗೂ ತೆರೆಯ ಮೇಲೆ ಜಾಗ ಸಿಗಲಿಲ್ಲ. ಬರೆದವರ ಹೆಸರೇ ಇಲ್ಲದೆ ಚಿತ್ರ ಬಿಡುಗಡೆಯಾಯಿತು. ಬಾಯಿಬಡುಕ ಬ್ಯಾರನ್ ತನ್ನ ಕರ್ತೃಗಳನ್ನು ನುಂಗುವ ಚಟವನ್ನು ಆಗಲೂ ಬಿಟ್ಟಿರಲಿಲ್ಲ.

ಆದ್ದರಿಂದ ಮುಂಚೌಸನ್ ಯಾರದು ಎಂದು ಯಾರಾದರೂ ಕೇಳಿದರೆ ಮರುಪ್ರಶ್ನೆ ಹಾಕಬೇಕು: ಯಾವ ತುಂಡು? ಗೋಪುರದ ಕುದುರೆ ಊಟದ ಮೇಜಿನದು, ಅದನ್ನು ಪುಸ್ತಕ ಮಾಡಿದ್ದು ನಾಣ್ಯ ಕದ್ದ ಪಂಡಿತ, ಕೆಸರಿನ ಜುಟ್ಟು ಬಡ ಕವಿಯದು, ಹೆಪ್ಪುಗಟ್ಟಿದ ಸದ್ದು ಗ್ರೀಕರದು, ಶ್ರೀರಂಗಪಟ್ಟಣದ ಮುತ್ತಿಗೆ ಯಾರೋ ಕೂಲಿ ಬರಹಗಾರನದು. ಬೇಕಾದವರು ತಮ್ಮದೆಂದು ಹೇಳಿಕೊಳ್ಳಿ ಎಂದು 1785ರ ಆ ಒಂದು ಷಿಲಿಂಗಿನ ಪುಸ್ತಕ ಕರೆಕೊಟ್ಟಿತ್ತಲ್ಲ, ಅದರೊಳಗಿನ ಒಂದೇ ಒಂದು ಅಪ್ಪಟ ನಿಜದ ಮಾತು ಅದು.